ಸ್ಟಾರ್ಟ್ ಆಗಬಾರದಿದ್ದ ಗಾಡಿ

ರಾಯದುರ್ಗದ ನನ್ನ ಗ್ಯಾರೇಜಿನಲ್ಲಿ ಕಾರಿಗೆ, ಎಂಜಿನ್ನಿಗೆ ಗಾಳಿ ಒತ್ತುವ ಹೊಸ ಟರ್ಬೊ ಕೂರಿಸಿದ್ದೆ. ಜೀನ್ಸ್ ಪ್ಯಾಂಟಿನ ಮೂಟೆ ತುಂಬಿಕೊಂಡು ಸಂಜೆಯೊಳಗೆ ಬಳ್ಳಾರಿ ಮುಟ್ಟಬೇಕಿದ್ದ ಸಾಹುಕಾರರು ಕೀ ತಿರುಗಿಸಿದರು. ಎಂಜಿನ್ ತಿರುಗಿತೇ ಹೊರತು ಸ್ಟಾರ್ಟ್ ಆಗಲಿಲ್ಲ.

“ಚಲೋ ಇದ್ದ ಗಾಡಿ ಕೆಡಿಸಿದ್ರಲ್ರಿ.”

“ಡೀಸೆಲ್ ಬಿಡೋ ವೈರು ನಾನೇ ಕಿತ್ತೀನ್ರಿ. ಮೊದಲು ಟರ್ಬೊಕ್ಕ ಆಯಿಲ್ ಮುಟ್ಟಬೇಕು, ಇಲ್ಲಾಂದ್ರ ಒಣಗಿ ಸುಟ್ಟು ಹೋಗತೈತಿ. ಇನ್ನಷ್ಟು ತಿರುವ್ರಿ.”

ನಾನು ನೆಪ ಹೇಳುತ್ತಿದ್ದೇನೆಂದುಕೊಂಡು ಅವರು ಬೇರೆ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದರು. ಹಿಂದಿನ ಸೀಟಿನಿಂದ ಅವರ ಹೆಂಡತಿ ಅಂದರು:

“ಹೊಸ ಹೊಲಿಗೆ ಮಷೀನಿಗೆ ಎಣ್ಣಿ ಬಿಟ್ಟು, ಚಕ್ರ ಕೈಲೆ ತಿರುವಿ, ಆಮ್ಯಾಲಲ್ಲೇನ್ರಿ ನಾವು ಹೊಲಿಯೋದು? ಅವ್ರು ಹೇಳಿದಂಗ ಮಾಡ್ರಿ.”

ಸಾಹುಕಾರರು ಫೋನ್ ಜೇಬಿಗಿಟ್ಟು ಮತ್ತೆ ಕೀ ತಿರುವಿದರು. ಆಯಿಲ್ ಏರಿದ ಮೇಲೆ ವೈರು ಸಿಕ್ಕಿಸಿದೆ. ಒಂದೇ ಕೀಗೆ ಎಂಜಿನ್ ಸ್ಟಾರ್ಟ್ ಆಯಿತು.

ಇವತ್ತಿಗೂ ಆ ಗಾಡಿಗೆ ನನ್ನನ್ನು ಬಿಟ್ಟರೆ ಬೇರೆ ಯಾರೂ ಕೈ ಹಚ್ಚಿಲ್ಲ. ಆದರೆ ನಾನು ಬಾನೆಟ್ ಎತ್ತುವ ಮೊದಲು ಸಾಹುಕಾರರು ಹೆಂಡತಿಗೆ ಫೋನ್ ಮಾಡಿ, ನಾನು ಹೇಳಿದ ಕೆಲಸ ಸರಿಯೇ ಎಂದು ಕೇಳುತ್ತಾರೆ.