ಹೂಂ ನಿಂತ ಸಂಜೆ

ಪುತಳಾಬಾಯಿ ಹೇಳುವ ಕತೆಗೊಂದು ಕಟ್ಟಳೆ ಇತ್ತು. ಕೇಳುವವರಲ್ಲಿ ಒಬ್ಬರಾದರೂ ಹೂಂಗುಟ್ಟಬೇಕು. ಹೂಂ ನಿಂತರೆ ಕತೆಯೂ ನಿಲ್ಲಬೇಕು. ಅಜ್ಜಿಯಿಂದ ಬಂದದ್ದು. ಕೇಳುವವರಿಲ್ಲದೆ ಹೇಳಿದರೆ ಕತೆಯೊಳಗಿನ ಮಂದಿ ದಾರಿ ತಪ್ಪುತ್ತಾರಂತೆ.

ಕಮಲಾಪುರದ ಕೆಂಪು ಬಾಳೆತೋಟಗಳಲ್ಲಿ ಕಳೆ ಕಿತ್ತು ಬೆನ್ನು ಬಾಗಿದ ಮೇಲೆ, ಊರ ಹೊರಗಿನ ನಿಸರ್ಗ ಚಿಕಿತ್ಸೆಯ ಆಶ್ರಮದಲ್ಲಿ ಅವಳಿಗೆ ಹುತ್ತದ ಮಣ್ಣು ಸಾಣಿಸುವ ಕೆಲಸ ಸಿಕ್ಕಿತು. ತೊಂಬತ್ತರ ದಶಕದ ಮೊದಲ ವರ್ಷಗಳವು. ಕಲಬುರಗಿಯಿಂದ ಹೊಟ್ಟೆ ಬೆಳೆದವರು, ಸಕ್ಕರೆ ಕಾಯಿಲೆಯವರು, ಸಂಸಾರ ಸಾಕಾದವರು ಬರುತ್ತಿದ್ದರು. ಬೆಳಿಗ್ಗೆ ಎಣ್ಣೆ ತಿಕ್ಕಿಸಿಕೊಂಡು, ಮಧ್ಯಾಹ್ನ ಗಂಜಿ ಕುಡಿದು, ಸಂಜೆ ಬೇವಿನ ಮರದಡಿ ಚಾಪೆಗಳ ಮೇಲೆ ಹೊಟ್ಟೆಗೆ ಮಣ್ಣು, ಕಣ್ಣಿಗೆ ಒದ್ದೆ ಬಟ್ಟೆ ಹಾಕಿಸಿಕೊಂಡು ಮಲಗುತ್ತಿದ್ದರು. ಮಣ್ಣು ಹಚ್ಚುತ್ತಲೇ ಪುತಳಾಬಾಯಿ ಕತೆ ಹೇಳುವುದನ್ನು ವೈದ್ಯ ಗೋಪಾಲರಾಯರು ಕೇಳಿದರು. ಸಂಜೆಯ ಹೊತ್ತನ್ನು ಅವಳಿಗೇ ಬಿಟ್ಟುಕೊಟ್ಟರು.

ಆ ಬೇಸಿಗೆ ಚಂದ್ರಶಾ ಬಂದರು. ನಂದೂರಿನ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಮುನೀಮರು. ಮಗ ಸತ್ತಂದಿನಿಂದ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಬಿಡಲು ಬಂದ ಹೆಂಡತಿ ರೇವಮ್ಮ ಪುತಳಾಬಾಯಿಯ ಕೈ ಹಿಡಿದಳು.

"ಯಕ್ಕಾ, ಒಂದು ಘಳಿಗಿ ಮಕ್ಕೊಂಡ್ರ ಸಾಕು. ಇಲ್ಲಂದ್ರ ಈ ಮನಿಷಾ ಉಳಿಯಂಗಿಲ್ಲ."

ಉಳಿದವರೆಲ್ಲ ಗೊರಕೆ ಹೊಡೆದರೂ ಚಂದ್ರಶಾ ಹೂಂಗುಟ್ಟುತ್ತಲೇ ಇರುತ್ತಿದ್ದರು.

"ಮುನೀಮರ, ನಿಮ್ಮ ಹೂಂ ಮಿಲ್ಲಿನ ಭೋಂಗಾ ಕೂಗಿದಂಗ ಅದರೀ. ಮಂದಿ ಏಳ್ತಾರ!"

"ನೀ ಕತಿ ಮುಗಸು ತಂಗಿ, ನಾ ಬಂದ್ ಮಾಡ್ತೀನಿ."

"ಮುಗಸೂದು ನನ್ನ ಕೈಯಾಗ ಎಲ್ಲೈತ್ರೀ? ನೀವು ಮಕ್ಕೊಂಡ್ರ ಮುಗೀತದ."

ಒಂದು ಸಂಜೆ ಕುರಿ ಹುಡುಕುತ್ತ ಹೊರಟ ಕುರುಬನ ಕತೆ ನಡೆದಿತ್ತು. ಕುರುಬ ಹಳ್ಳ ದಾಟುವಾಗ ಚಂದ್ರಶಾರ ಹೂಂ ತೆಳುವಾಯಿತು. ಆಮೇಲೆ ನಿಂತೇಹೋಯಿತು. ಪುತಳಾಬಾಯಿಯ ಎದೆ ತುಂಬಿ ಬಂತು. ಕಟ್ಟಳೆಯಂತೆ ಕತೆ ನಿಲ್ಲಿಸಬೇಕಿತ್ತು. ಆದರೆ ತೊಟ್ಟಿಲು ನಿಂತರೆ ಕೂಸು ಏಳುವುದಿಲ್ಲವೇ? ಅವಳು ದನಿ ತಗ್ಗಿಸಿ ಹೇಳುತ್ತಲೇ ಹೋದಳು. ಪಕ್ಕದ ಚಾಪೆಯ ಸಕ್ಕೂಬಾಯಿ ಕೆಮ್ಮಿದರು.

"ಸಾವಕಾಶ ಕೆಮ್ಮರೀ. ಮುನೀಮರಿಗೆ ನಿದ್ದಿ ಹತ್ಯದ."

ದೀಪ ಹಚ್ಚುವ ಹೊತ್ತಿಗೆ ಕಣ್ಣಿನ ಬಟ್ಟೆ ತೆಗೆದರೆ ಮೈ ತಣ್ಣಗಾಗಿತ್ತು.

ಎದೆಬಡಿತ ನಿಂತಿದೆ, ನಿನ್ನ ತಪ್ಪಲ್ಲ ಎಂದರು ಗೋಪಾಲರಾಯರು. ಕಲಬುರಗಿಯ ಜೇವರ್ಗಿ ಕಾಲೋನಿಯ ಮನೆಯಿಂದ ಜೀಪಿನಲ್ಲಿ ಬಂದ ರೇವಮ್ಮ ಅಳಲಿಲ್ಲ. ಒಂದೇ ಮಾತು ಕೇಳಿದಳು.

"ಜೀವ ಹೋಗೂ ಮುಂದ ಒದರಿದ್ರೇನು ಯಕ್ಕಾ, ಯಾರನ್ನರ ಕರದ್ರೇನು?"

"ನನ್ನ ದನೀನೇ ನಡದಿತ್ತವ್ವ. ನನಗೇನೂ ಕೇಳಸಲಿಲ್ಲ."

ಮುಂದಿನ ವಾರ ರಾಯರು ಅವಳನ್ನು ಮತ್ತೆ ಬೇವಿನಡಿ ಕೂರಿಸಿದರು. ಕತೆ ನಾಲ್ಕು ಮಾತು ಸಾಗುವುದರೊಳಗೆ ಯಾರಿಗೋ ಜೊಂಪು ಹತ್ತುತ್ತಿತ್ತು. ಪುತಳಾಬಾಯಿ ಎದ್ದು ಹೋಗಿ ಭುಜ ಹಿಡಿದು ಅಲುಗಿಸುತ್ತಿದ್ದಳು. "ಹೂಂ ಅನ್ರೀ! ಒಮ್ಮೆರ ಅನ್ರೀ!"

"ಮಕ್ಕೊಳ್ಳಾಕ ಬಂದ್ರ ಇದೇನು ಪೊಲೀಸ್ ಠಾಣೇನವಾ?" ಎಂದು ಸಕ್ಕೂಬಾಯಿ ರೇಗಿದರು. ಮರುದಿನ ಮೂವರು ಗಂಟು ಕಟ್ಟಿಕೊಂಡು ಊರಿಗೆ ಹೊರಟರು.

"ಮಂದಿ ಇಲ್ಲಿ ಆರಾಮ ಹುಡುಕಿ ಬರ್ತಾರ, ಬಾಯಿ," ಎಂದರು ರಾಯರು, ಮುಖ ನೋಡದೆ.

ಬೇವಿನ ಟೊಂಗೆಗೆ ಟೇಪ್ ರೆಕಾರ್ಡರ್ ತೂಗುಹಾಕಿದರು, ಸಂಜೆಯೆಲ್ಲ ಕೊಳಲು. ಪುತಳಾಬಾಯಿ ಮತ್ತೆ ಜರಡಿ ಹಿಡಿದಳು. ಕತೆ ಹೇಳೆಂದು ಮೊಮ್ಮಕ್ಕಳು ಪೀಡಿಸಿದರೂ ಬಾಯಿ ಬಿಡಲಿಲ್ಲ. ಕೈಕಾಲು ನಡೆಯುವ ತನಕ ಮಣ್ಣಿನ ಬುಟ್ಟಿ ಹೊತ್ತು ಅದೇ ಮರದಡಿ ಬರುತ್ತಿದ್ದಳು. ಒಂದೊಂದು ಚಾಪೆಯ ಬಳಿಯೂ ನಿಂತು, ಮಲಗಿದವರ ಹೊಟ್ಟೆಯ ಮೇಲಿನ ಮಣ್ಣು ಏರಿ ಇಳಿಯುವುದನ್ನು ನೋಡಿಯೇ ಮುಂದಿನ ಚಾಪೆಗೆ ಹೋಗುತ್ತಿದ್ದಳು.