ಪೂನಮ್‌ಗೆ ಮಧ್ಯಾಹ್ನದ ಔಷಧಿ

ಉಮರ್ಗಾದ ಮೆಡಿಕಲ್ ಅಂಗಡಿಯಲ್ಲಿ ದಾಳಿಂಬ ಹಳ್ಳಿಯ ಪುರೋಹಿತ ಮರುಳಸಿದ್ಧಯ್ಯ ಸ್ವಾಮಿಗಳು ಚೀಟಿ ಕೊಟ್ಟರು. ಅಂಗಡಿಯ ನೀಲೇಶ ಅದನ್ನು ಓದಿ, ಅವರ ಹಣೆಯ ವಿಭೂತಿ ನೋಡಿ, ನಗು ತಡೆಯಲಾರದೆ ಹೋದ.

“ಸ್ವಾಮೇರ, ಈ ಗುಳಿಗಿ ಗಂಡಸರು ಯಾತಕ್ಕ ತಗೋತಾರ, ಗೊತ್ತದ ಏನ್ರಿ?”

“ಗೊತ್ತದಪಾ. ಅಂಗಡ್ಯಾಗ ನಗ್ತಾರ ಅಂತ ಡಾಕ್ಟರ್ ಮೊದಲೇ ಹೇಳ್ಯಾರ. ಇದು ನನ್ನ ಮೊಮ್ಮಗಳಿಗಿ. ಏಳು ತಿಂಗಳ ಕೂಸು.”

ಪೂನಮ್‌ಳ ಹೃದಯದಲ್ಲಿ ಹುಟ್ಟಿನಿಂದ ಒಂದು ರಂಧ್ರವಿತ್ತು. ಸೊಲ್ಲಾಪುರದಲ್ಲಿ ಆಪರೇಷನ್ ಮಾಡಿ ಮುಚ್ಚಿದ್ದರು. ಆದರೆ ಶ್ವಾಸಕೋಶದ ರಕ್ತನಾಳಗಳು ಬಿಗಿದೇ ಉಳಿದವು. ಅವನ್ನು ಸಡಿಲಿಸಲು ಇದೇ ಗುಳಿಗೆ, ದಿನಕ್ಕೆ ಮೂರು ಸಲ. ತಪ್ಪಿಸುವಂತಿಲ್ಲ, ತಾವಾಗಿ ನಿಲ್ಲಿಸುವಂತೆಯೂ ಇಲ್ಲ. ಇಷ್ಟು ಕೇಳುವಷ್ಟರಲ್ಲಿ ನೀಲೇಶನ ಮುಖ ಇಳಿದಿತ್ತು.

“ಮಾಫ್ ಮಾಡ್ರಿ, ಸ್ವಾಮೇರ. ಇನ್ನ ಮ್ಯಾಲ ಪೂನಮ್ ಹೆಸರಲೇ ತೆಗೆದಿಡ್ತೀನಿ.”

ಗುಳಿಗೆ ಪುಡಿಮಾಡಿ, ಅಳತೆಯ ನೀರಲ್ಲಿ ಕರಗಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಗೆ ಹಾಕುವುದನ್ನು ನರ್ಸ್ ಕಲಿಸಿದ್ದಳು. ಕೂಸಿನ ತಾಯಿ ಮನೀಷಾಗೂ ಅದು ಬರುತ್ತಿತ್ತು. ಆದರೆ ಮಗಳ ಎದೆಯ ಹೊಲಿಗೆ ಕಂಡರೆ ಅವಳ ಕೈ ನಡುಗುತ್ತಿತ್ತು. ಹಾಗಾಗಿ ಮಾವನೇ ಆ ಕೆಲಸ ವಹಿಸಿಕೊಂಡರು. ಲಗ್ನವಿರಲಿ, ವಾಸ್ತುವಿರಲಿ, ಮಧ್ಯಾಹ್ನ ಎರಡರೊಳಗೆ ಮನೆ ಸೇರುತ್ತಿದ್ದರು.

ಒಂದು ದಿನ ಲೋಹಾರಾದಲ್ಲಿ ಪೂಜೆ ಮುಗಿಸಿ ಬರುವಾಗ ಶೇರ್ ಆಟೋದ ಟೈರು ಒಡೆಯಿತು. ಎರಡಕ್ಕೆ ಹತ್ತು ನಿಮಿಷವಿತ್ತು. ಫೋನು ಹಚ್ಚಿದರು.

“ಮನೀಷಾ, ಇವತ್ತ ನೀನೇ ಕೊಡಬೇಕವ್ವ.”

“ಕೈ ನಡಗತಾವ್ರಿ ಮಾವಾರ. ಹೆಚ್ಚುಕಮ್ಮಿ ಆದ್ರ?”

“ನಡಗಲಿ. ಸಿರಿಂಜಿನ ಗೆರಿ ನೋಡ್ಕೋತ ಸಾವಕಾಶ ಜಗ್ಗು. ನಾ ಫೋನ್ ಇಡಂಗಿಲ್ಲ.”

ಗುಳಿಗೆ ಅರೆಯುವ ಸದ್ದು ಕೇಳಿಸಿತು. ಆಮೇಲೆ ನೀರಲ್ಲಿ ಚಮಚ ಆಡಿಸುವ ಸದ್ದು. ಆಟೋದಲ್ಲಿದ್ದವರೂ ಫೋನಿನ ಕಡೆ ಬಾಗಿದರು. ಕೊನೆಗೆ ಮನೀಷಾಳ ದನಿ, ಅಳುವೋ ನಗುವೋ ತಿಳಿಯದಂತೆ ಬಂತು:

“ನುಂಗಿದಳ್ರಿ! ತುಟಿ ಚಪ್ಪರಸಾಕತ್ತಾಳ!”

ಸ್ವಾಮಿಗಳು ರಸ್ತೆ ಬದಿಯ ಸೋಯಾಬೀನ್ ಹೊಲದ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಮರುದಿನದಿಂದ ಔಷಧಿ ಹಾಕುವ ಕೆಲಸ ಮನೀಷಾಳದೇ ಆಯಿತು. ಮಾವ ಸುಮ್ಮನೆ ಪಕ್ಕದಲ್ಲಿ ಕೂಡುತ್ತಿದ್ದರು.

ಐದು ತಿಂಗಳ ನಂತರ ಹೃದಯದ ಎಕೋ ಪರೀಕ್ಷೆಯಲ್ಲಿ ಆ ರಕ್ತನಾಳಗಳ ಒತ್ತಡ ಇಳಿದದ್ದು ಕಂಡಿತು. ಡಾಕ್ಟರು ಔಷಧಿಯನ್ನು ಹಂತಹಂತವಾಗಿ ಕಡಿಮೆ ಮಾಡಿ, ಮತ್ತೆ ಪರೀಕ್ಷಿಸಿ, ಪೂರ್ತಿ ನಿಲ್ಲಿಸಿದರು. ಅವತ್ತು ವಾಪಸ್ಸು ಬರುವ ಬಸ್ಸಿನಲ್ಲಿ ಮನೀಷಾ ಕಿಟಕಿಗೆ ತಲೆಯಾನಿಸಿದವಳು ಹಾಗೇ ನಿದ್ದೆಹೋದಳು. ದಾಳಿಂಬ ಬಂತು. ಸ್ವಾಮಿಗಳು ಕಂಡಕ್ಟರನಿಗೆ ಮೆಲ್ಲಗೆ ಹೇಳಿದರು:

“ಒಂದೀಟ ತಡೀಪಾ, ಮಗಳು ಮಲಗ್ಯಾಳ.”

ಅವರ ತೊಡೆಯ ಮೇಲೆ ಪಿಳಿಪಿಳಿ ಕಣ್ಣುಬಿಡುತ್ತಿದ್ದ ಪೂನಮ್‌ಳನ್ನು ಕಂಡಕ್ಟರ್ ನೋಡಿದ. “ಕೂಸು ಎಚ್ಚರಾನೇ ಅದಲ್ರಿ ಕಾಕಾ?”

“ಕೂಸಲ್ಲಪಾ, ಅದರ ಅವ್ವ.”