ಓನರಮ್ಮ ಆರಿಸಿದ ಕಾಡು

ಓನರಮ್ಮನ ಕತ್ತು ಯಾವಾಗಲೂ ಒಂದಿಷ್ಟು ಬಲಕ್ಕೆ ತಿರುಗಿರುತ್ತಿತ್ತು. ಹುಟ್ಟಿನಿಂದ ಬಂದ ಸೊಟ್ಟ ಅಲ್ಲ. ಹಿಂದೆ ಏನೋ ಬರುತ್ತಿದೆಯೆಂದು ಕಿವಿಗೊಟ್ಟು ಕಿವಿಗೊಟ್ಟು ಹಾಗೇ ನಿಂತುಹೋದ ಕತ್ತು ಅದು. ಬಾಗಿಲಿಗೆ ರಂಗೋಲಿ ಬಿಡುವಾಗ, ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪಿನವಳ ಜೊತೆ ಚೌಕಾಸಿ ಮಾಡುವಾಗ, ನನ್ನ ಹತ್ತಿರ ನೀರಿನ ಮೋಟರಿನ ವಿಷಯ ಮಾತನಾಡುವಾಗ ಕೂಡ ಮಧ್ಯೆ ಮಧ್ಯೆ ಹಿಂತಿರುಗಿ ನೋಡುತ್ತಿದ್ದರು. ನೋಡಿದಾಗಲೆಲ್ಲ ಮೂಗಿನ ಕೆಂಪು ಹರಳಿನ ಬೇಸರಿ ಮಿಂಚುತ್ತಿತ್ತು. ಬಾಡಿಗೆಗೆ ಬಂದ ಹೊಸದರಲ್ಲಿ ಅವರು ನನ್ನ ಮೇಲೇ ಕಣ್ಣಿಟ್ಟಿದ್ದಾರೆಂದು ತಿಳಿದು ನಾನು ಗೋಡೆಗೆ ಒಂದು ಮೊಳೆ ಹೊಡೆಯಲೂ ಹೆದರುತ್ತಿದ್ದೆ.

ಹೆದರುವುದಕ್ಕೆ ನನಗೆ ಕಾರಣವೇನೂ ಬೇಕಾಗಿಲ್ಲ ಬಿಡಿ. ನಾನು ಹುಟ್ಟಾ ಪುಕ್ಕಲು. ಜೆ.ಪಿ. ನಗರದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ, ಮಕ್ಕಳು ನನ್ನನ್ನು ಕಂಡರೆ ನಡುಗುತ್ತಾರೆ; ನಾನು ಲಿಫ್ಟು, ಬೀದಿನಾಯಿ, ಪ್ರೆಶರ್ ಕುಕ್ಕರ್ ಕಂಡರೆ ನಡುಗುತ್ತೇನೆ. ಮನೆಯಿಂದ ಹೊರಟ ಮೇಲೆ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಸಾರಕ್ಕಿ ಸಿಗ್ನಲ್ಲಿನಿಂದ ಎಷ್ಟೋ ಸಲ ವಾಪಸು ಬಂದಿದ್ದೇನೆ. ಹಾಗೆ ಬಂದಾಗ ಕೆಳಗಿನ ಮನೆಯ ಓನರಮ್ಮ ಒಮ್ಮೆಯೂ ನಕ್ಕವರಲ್ಲ. "ನೋಡ್ಕಂಡು ಬನ್ನಿ ಟೀಚರಮ್ಮ, ನೋಡಿದ್ರೆ ಸಮಾಧಾನ" ಎಂದು ಗೇಟು ತೆಗೆದು ಹಿಡಿಯುತ್ತಿದ್ದರು. ಇನ್ನೊಬ್ಬರ ಹೆದರಿಕೆಗೆ ಇಷ್ಟು ಮರ್ಯಾದೆ ಕೊಡುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅವರ ಹೆದರಿಕೆಯ ವಿಷಯ ನನಗೆ ತಿಳಿದದ್ದು ಒಂದು ಗಣೇಶನ ಹಬ್ಬದಲ್ಲಿ. ಬೀದಿಯವರೆಲ್ಲ ಮೊಣಕಾಲೆತ್ತರದ ಗಣಪನನ್ನು ತಂದರೆ ಇವರ ಮನೆಯಲ್ಲಿ ಮಾತ್ರ ಅಂಗೈಯಗಲದ ಗಣಪ. ಸೊಂಡಿಲು ಹುಡುಕಬೇಕು, ಅಷ್ಟು ಚಿಕ್ಕದು. "ಇಷ್ಟು ದೊಡ್ಡ ಮನೆ, ಇಷ್ಟು ಪುಟ್ಟ ಗಣಪನಾ?" ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. ಮೆಟ್ಟಿಲ ಮೇಲೆ ಕೂತು ಕಡುಬು ತಿನ್ನಲು ಕೊಟ್ಟು ಮೆಲ್ಲಗೆ ಹೇಳಿದರು.

ತಲಘಟ್ಟಪುರ ಅವರ ತವರು. ಅವರು ಲಂಗ ಉಡುವ ವಯಸ್ಸಿನಲ್ಲಿ ಅಲ್ಲೆಲ್ಲ ರಾಗಿ ಹೊಲ, ಅದರಾಚೆಗೆ ಬನ್ನೇರುಘಟ್ಟದ ಕಾಡು. ತೆನೆ ಕಾಯಲು ಹೋಗಿದ್ದ ಅಪ್ಪ ಬೆಳಿಗ್ಗೆ ಮನೆಗೆ ಬರಲಿಲ್ಲ. ಅಂಬಲಿ ತೆಗೆದುಕೊಂಡು ಹೊಲಕ್ಕೆ ಹೋದವರು ಇವರೇ. ಆನೆ ತುಳಿದು ಹೋಗಿದ್ದ ಅಪ್ಪನನ್ನು ಮೊದಲು ಕಂಡವರೂ ಇವರೇ. ಅವತ್ತಿನಿಂದ ಆ ಪ್ರಾಣಿಯ ಹೆಸರು ಅವರ ಬಾಯಲ್ಲಿ ಬಂದಿರಲಿಲ್ಲ. ಕಾಡಂಚಿನ ಹೊಲದವರು ಕತ್ತಲಾದ ಮೇಲೆ ಅದರ ಹೆಸರು ಹೇಳುವುದಿಲ್ಲವಂತೆ, ಹೇಳಿದರೆ ಕರೆದ ಹಾಗಂತೆ, ‘ದೊಡ್ಡೋರು’ ಎನ್ನುತ್ತಾರೆ. ಓನರಮ್ಮನಿಗೆ ಹಗಲಲ್ಲೂ ಅದು ದೊಡ್ಡೋರೇ. ಮದುವೆಯಾಗಿ ಸಾರಕ್ಕಿಗೆ ಬಂದರು, ಗದ್ದೆ ಹೋಗಿ ಸೈಟಾಯಿತು, ಸೈಟಿನ ಮೇಲೆ ಮನೆಗಳೆದ್ದವು, ಮಗ ಹಾರ್ಡ್‌ವೇರ್ ಅಂಗಡಿ ಇಟ್ಟ, ಮೊಮ್ಮಕ್ಕಳಾದರು. ಕತ್ತು ಮಾತ್ರ ತಿರುಗಿದ್ದು ತಿರುಗಿದ ಹಾಗೇ ಉಳಿಯಿತು.

ಇಂಥವರ ತಲೆಗೆ ಆಫ್ರಿಕಾ ಬಂದು ಕಟ್ಟಿಕೊಂಡಿತು. ನಮ್ಮ ಬೀದಿಯ ಓನರಮ್ಮಂದಿರೆಲ್ಲ ಸೇರಿ ಒಂದು ಚೀಟಿ ನಡೆಸುತ್ತಿದ್ದರು, ಆ ದುಡ್ಡಿನಲ್ಲಿ ಟೂರು ಹೋಗುವುದು ರೂಢಿ. ಕಾಶಿ ಆಗಿತ್ತು, ದುಬೈ ಆಗಿತ್ತು, ಸಿಂಗಪುರವೂ ಆಗಿತ್ತು. ಈ ಸಲ ಕೀನ್ಯಾ ಎಂದು ಯಾರೋ ತೆಗೆದರು, ಎಲ್ಲರೂ ಹೂಂ ಅಂದರು. ಇಂಗ್ಲಿಷ್ ಬರುವವರು ಒಬ್ಬರು ಬೇಕೆಂದು ನನ್ನನ್ನೂ ಎಳೆದರು. ವಿಮಾನ ಎಂದರೆ ನನಗೆ ಲಿಫ್ಟಿಗಿಂತ ಹೆದರಿಕೆ. ಆದರೆ ಓನರಮ್ಮ ಕೇಳಿದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಜಯನಗರದ ಟ್ರಾವೆಲ್ಸಿನಲ್ಲಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿಕೊಂಡು ಅಲ್ಲಿಯವನು ಹೇಳಿದ: "ಆಂಟಿ, ನಿಮ್ಮ ಪ್ಯಾಕೇಜಲ್ಲಿ ಎರಡು ನ್ಯಾಷನಲ್ ಪಾರ್ಕ್ ಬರುತ್ತೆ. ಮೂರು ತೋರಿಸ್ತೀನಿ, ಎರಡು ಆರಿಸ್ಕೊಳ್ಳಿ." ಮೊದಲನೆಯದು ನಕುರು, ಸರೋವರ, ಘೇಂಡಾಮೃಗ, ಹಕ್ಕಿಗಳು. ಎರಡನೆಯದು ಹೆಲ್ಸ್ ಗೇಟ್, ಅಲ್ಲಿ ಜೀಬ್ರಾಗಳ ನಡುವೆ ಸೈಕಲ್ ಹೊಡೆಯಬಹುದು. ಮೂರನೆಯದು ಅಂಬೋಸೆಲಿ. ಅವನು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದ. ಹಿಂದೆ ಹಿಮದ ಬೆಟ್ಟ, ಮುಂದೆ ಪರದೆಯ ತುಂಬ ಆನೆಗಳು. ಓನರಮ್ಮ ತಟ್ಟನೆ ಹಿಂತಿರುಗಿ ಬಾಗಿಲು ನೋಡಿದರು.

"ಆ ಎರಡನೇದು ಚೆನ್ನಾಗೈತಲ್ಲ," ಅಂದರು.

"ಅದರ ಹೆಸರು ನರಕದ ಬಾಗಿಲು ಅಂತ ಓನರಮ್ಮ," ನಾನು ಪಿಸುಗುಟ್ಟಿದೆ.

"ಇರ್ಲಿ ಬುಡಿ. ಅಲ್ಲಿ ದೊಡ್ಡೋರು ಇಲ್ವಲ್ಲ?"

ನಕುರುವಿಗೆ ಯಾರದೂ ತಕರಾರಿಲ್ಲ, ಆದರೆ ಅಂಬೋಸೆಲಿಯನ್ನು ಉಳಿದವರು ಬಿಡಬೇಕಲ್ಲ! "ಆನೆ ನೋಡ್ದೆ ಆಫ್ರಿಕಾಗೆ ಹೋಗೋದಾ ಅಕ್ಕಾ? ಸಾಕ್ಷಾತ್ ಗಣಪನ ದರ್ಶನ!" ಎಂದು ಒಬ್ಬರು. "ಆ ಬೆಟ್ಟದ ಮುಂದೆ ಒಂದು ಫೋಟೋ ತಗೊಂಡ್ರೆ ನಮ್ಮ ನಾದಿನಿ ಹೊಟ್ಟೆ ಉರ್ಕೊಂಡು ಸಾಯ್ಬೇಕು" ಎಂದು ಇನ್ನೊಬ್ಬರು. ಕಡೆಗೆ, ಹಿರಿಯರು ನೀವು, ನೀವು ಹೇಳಿದ್ದೇ ಆಗಲಿ ಎಂದು ಎಲ್ಲವನ್ನೂ ಓನರಮ್ಮನ ತಲೆಗೇ ಕಟ್ಟಿದರು. ಅಪ್ಪನ ಕಥೆ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಓನರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಮಂಗಳವಾರ ಅಮ್ಮನ್ನೇ ಕೇಳಾನ," ಅಂದರು.

ಅಮ್ಮ ಎಂದರೆ ಊರ ದೇವತೆ. ಹೆಣ್ಣು ಕೊಡುವುದಿರಲಿ, ಬೋರು ಕೊರೆಸುವುದಿರಲಿ, ಹಳೆಯ ಸಾರಕ್ಕಿಯವರು ಅವಳಲ್ಲಿ ಹೂ ಕೇಳದೆ ಹೆಜ್ಜೆ ಇಡುವುದಿಲ್ಲ. ಪೂಜಾರಪ್ಪ ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ಅಮ್ಮನ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಕೇಳುವವರು ಕಣ್ಮುಚ್ಚಿ ಪ್ರಶ್ನೆಯನ್ನು ಮನಸ್ಸಿನಲ್ಲೇ ಇಡಬೇಕು, ಬಾಯಿಬಿಡುವ ಹಾಗಿಲ್ಲ. ಬಲಗಡೆಯ ಹೂ ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಇದು ಅಲ್ಲಿನ ಮಕ್ಕಳಿಗೂ ಗೊತ್ತು. ಆ ಮಂಗಳವಾರ ಓನರಮ್ಮ ಅಂಬೋಸೆಲಿಗಾಗಿ ಕಣ್ಮುಚ್ಚಿ ನಿಂತರು. ಎಷ್ಟು ಹೊತ್ತಾದರೂ ಹೂ ಅಲುಗಲಿಲ್ಲ. ಆಮೇಲೆ ಬಲಗಡೆಯದು ಜಾರಿ ಬಿತ್ತು. ಪೂಜಾರಪ್ಪ "ಬಲಗಡೆ ಆಯ್ತವ್ವಾ!" ಎಂದು ಗಂಟೆ ಬಾರಿಸಿದರು, ಹೆಂಗಸರು ಚಪ್ಪಾಳೆ ತಟ್ಟಿದರು, ಒಬ್ಬರು ಅಲ್ಲಿಂದಲೇ ಟ್ರಾವೆಲ್ಸಿಗೆ ಫೋನು ಮಾಡಿ ಅಂಬೋಸೆಲಿ ಗಟ್ಟಿ ಎಂದುಬಿಟ್ಟರು. ಓನರಮ್ಮನ ಮುಖದಲ್ಲಿ ಮಾತ್ರ ರಕ್ತವೇ ಇರಲಿಲ್ಲ.

ಮನೆಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತರು. ನನ್ನ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಟೀಚರಮ್ಮ, ನಾನು ಉಲ್ಟಾ ಕೇಳ್ಬುಟ್ಟೆ."

"ಉಲ್ಟಾ ಅಂದ್ರೆ?"

"ಆ ಪಾರ್ಕು ಬ್ಯಾಡ ಅನ್ನೋದಾದ್ರೆ ಬಲಗಡೆ ಕೊಡು ತಾಯಿ ಅಂತ ಕೇಳ್ದೆ. ಎಡಗಡೆ ಬೀಳ್ಲಿ ಅಂತ ಹೆಂಗೆ ಬೇಡ್ಕಳಾದು? ಎಡ ಅಂದ್ರೆ ಕೆಟ್ಟದ್ದಲ್ವಾ, ಅದ ಮನಸಲ್ಲಾದ್ರೂ ಕೇಳಾಕೆ ಧೈರ್ಯ ಬರ್ಲಿಲ್ಲ. ಅವಳು ಬಲಗಡೆ ಕೊಟ್ಳು. ಹೋಗಬ್ಯಾಡ ಅಂದವ್ಳೆ."

ಹಾಗಾದರೆ ಈಗಲೇ ಎಲ್ಲರಿಗೂ ಹೇಳೋಣ ನಡೆಯಿರಿ ಎಂದು ಎದ್ದೆ. ಅವರು ನನ್ನ ಸೆರಗು ಹಿಡಿದು ಜಗ್ಗಿದರು. "ಏನಂತ ಹೇಳ್ತೀರಿ? ಅಮ್ಮನ ಮುಂದೆ ನಿಂತು ಉಲ್ಟಾ ಕೇಳಿದ ಮುದುಕಿ ಅಂತ ಊರೆಲ್ಲ ಆಡ್ಕಳಾಕಾ? ನಾನು ಬರಾಕಿಲ್ಲ ಅಂದ್ರೆ ಅವ್ರ್ಯಾರೂ ಹೊರಡಾಕಿಲ್ಲ. ಬ್ಯಾಡ ಅಂದಿರಾದು ನಂಗೆ, ಅವ್ರಿಗಲ್ಲ. ನಾನು ಹೋಯ್ತೀನಿ." ಹಿಡಿದ ಸೆರಗು ಬಿಡದೆ ಮತ್ತೆ ಅಂದರು: "ನಂಗೇನಾರ ಆದ್ರೆ ಅಲ್ಲೇ ಬುಡಬ್ಯಾಡಿ. ತಲಘಟ್ಟಪುರಕ್ಕೆ ತಗಂಬನ್ನಿ, ನಮ್ಮಪ್ಪನ ಪಕ್ಕ."

ಲೆಕ್ಕದ ಟೀಚರ್ ಆದ ನಾನು ಹೂ ಬೀಳುವುದು ಬರೀ ಎರಡರಲ್ಲೊಂದು ಸಾಧ್ಯತೆ ಎಂದು ಅವರಿಗೆ ತಿಳಿಸಿ ಹೇಳಬೇಕಿತ್ತು. ಹೇಳಲು ನನಗೇ ನಂಬಿಕೆ ಇರಲಿಲ್ಲ. ಹೆದರಿದವರ ಮೇಲೆ ಹಾವು ಎಸೆದ ಹಾಗಾಗಿತ್ತು ನನ್ನ ಸ್ಥಿತಿ. ವಿದೇಶದಲ್ಲಿ ಯಾರಾದರೂ ತೀರಿಕೊಂಡರೆ ಏನು ಮಾಡಬೇಕೆಂದು ಮೊಬೈಲಿನಲ್ಲಿ ಕದ್ದು ಓದಿದೆ, ಓದಿ ಇನ್ನಷ್ಟು ಹೆದರಿದೆ. ಓನರಮ್ಮ ಸೊಸೆಗೆ ಉಪ್ಪಿನಕಾಯಿಯ ಹದ ಹೇಳಿಕೊಟ್ಟರು, ತವರಿಗೆ ಹಗಲು ಹೊತ್ತಿನಲ್ಲಿ ಹೋಗಿ ತಮ್ಮನ ಮನೆಯಲ್ಲಿ ಊಟ ಮಾಡಿ ಬಂದರು. ಅದನ್ನೆಲ್ಲ ನೋಡುತ್ತಿದ್ದ ನನಗೊಬ್ಬಳಿಗೇ ಅದರ ಅರ್ಥ ಗೊತ್ತಿತ್ತು. ವಿಜಯದಶಮಿ ಮುಗಿಸಿಕೊಂಡು ದಸರಾ ರಜೆಯಲ್ಲಿ ಹೊರಟೆವು. ವಿಮಾನ ಮೇಲೇರುವಾಗ ನಾನು ಅವರ ಕೈ ಹಿಡಿದುಕೊಂಡೆ. ಅವರ ಕೈ ನನ್ನದಕ್ಕಿಂತ ತಣ್ಣಗಿತ್ತು.

ನಕುರುವಿನಲ್ಲಿ ಅವರು ಚೆನ್ನಾಗಿಯೇ ಇದ್ದರು. ಘೇಂಡಾಮೃಗ ನೋಡಿ "ನಮ್ಮ ಮಾರ್ಕೆಟ್ ಎಮ್ಮೆಗೆ ಕೊಂಬು ಮೂಗಿನ ಮ್ಯಾಲೆ ಬಂದಂಗೈತೆ" ಎಂದು ಎಲ್ಲರನ್ನೂ ನಗಿಸಿದರು. ಅಂಬೋಸೆಲಿಗೆ ಹೊರಟ ಬೆಳಿಗ್ಗೆ ಮಾತ್ರ ಇಡ್ಲಿಹಿಟ್ಟಿನ ಬಣ್ಣಕ್ಕೆ ತಿರುಗಿದ್ದರು. ಅಲ್ಲಿ ಎಲ್ಲಿ ನೋಡಿದರೂ ಬಿಳಿ ಧೂಳು, ಬಯಲು. ಫೋಟೋಗೆ ಬೇಕಾಗಿದ್ದ ಬೆಟ್ಟ ಮೋಡದೊಳಗೆ ಸೇರಿಕೊಂಡಿತ್ತು. ನಮ್ಮ ವ್ಯಾನಿನ ಚಾವಣಿಯನ್ನು ಮೇಲಕ್ಕೆತ್ತಿದ್ದರು, ಎದ್ದು ನಿಂತರೆ ತಲೆ ಹೊರಗೆ. ಒಂದು ತಿರುವಿನಲ್ಲಿ ಡ್ರೈವರ್ ಇಂಜಿನ್ ಆರಿಸಿ ತುಟಿಯ ಮೇಲೆ ಬೆರಳಿಟ್ಟ. ಹಿಂಡು ರಸ್ತೆ ದಾಟುತ್ತಿತ್ತು. ಮರಿಯ ಜೊತೆಗಿದ್ದ ಒಂದು ಹೆಣ್ಣಾನೆ ದಾಟದೆ ನಿಂತು ನಮ್ಮ ಕಡೆ ತಿರುಗಿತು, ಕಿವಿ ಬಿಚ್ಚಿತು.

ಅಷ್ಟೇ ನಾನು ಕಂಡದ್ದು. ಬ್ಯಾಗು ಅವುಚಿಕೊಂಡು ವ್ಯಾನಿನ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ಲದ್ದಿಯ ವಾಸನೆ ಮೂಗಿಗೆ ಬಡಿಯಿತು. ನೆಲದೊಳಗಿನಿಂದ ಬಂದ ಹಾಗೆ ಗುರುಗುರು ಸದ್ದು, ಯಾರದೋ ಬಾಯಲ್ಲಿ ಮಂಜುನಾಥ ಮಂಜುನಾಥ. ಒಂದು ಹೆಜ್ಜೆಯ ಸದ್ದು ಹತ್ತಿರ ಬಂತು, ಇನ್ನೊಂದು ಇನ್ನೂ ಹತ್ತಿರ. ಓನರಮ್ಮ ಎಲ್ಲಿ? ಕೂರಲಿಲ್ಲ ಅವರು. ನನ್ನ ತಲೆಯ ಮೇಲೆ ಅಂಗೈ ಊರಿಕೊಂಡು ನಿಂತೇ ಇದ್ದರು. ಆ ಅಂಗೈ ಗಡಗಡ ನಡುಗುತ್ತಿತ್ತು, ಅದರ ಜೊತೆ ನನ್ನ ತಲೆಯೂ. ಆಗ ಕೇಳಿಸಿತು, ಓನರಮ್ಮನ ಬಾಯಿಂದ: "ಆನೆ." ಮತ್ತೆ, ಸ್ವಲ್ಪ ಜೋರಾಗಿ: "ಆನೆ ಕಣವ್ವಾ. ಆನೆ."

ಅದು ಎಷ್ಟು ಹೊತ್ತು ನಿಂತಿತ್ತೋ ನನಗೆ ಗೊತ್ತಿಲ್ಲ. ಸೊಂಡಿಲು ಚಾಚಿದರೆ ಓನರಮ್ಮನ ಮುಖ ಸಿಗುತ್ತಿತ್ತು ಎಂದು ಒಬ್ಬರು, ಅಷ್ಟು ಹತ್ತಿರವೇನೂ ಇರಲಿಲ್ಲ ಎಂದು ಇನ್ನೊಬ್ಬರು ಆಮೇಲೆ ಹೇಳಿದರು. ಮರಿ ಮುಂದೆ ಹೋಯಿತಂತೆ, ಅದರ ಹಿಂದೆ ಅದೂ ಹೋಯಿತಂತೆ. "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು" ಎಂದು ಹಿಂದಿನ ಸೀಟಿನವರು ಅಳುತ್ತಾ ನಕ್ಕರು. ನಾನು ಕಣ್ಣು ಬಿಟ್ಟಾಗ ರಸ್ತೆಯಲ್ಲಿ ಧೂಳು ಮಾತ್ರ ಇತ್ತು.

ಉಳಿದುಕೊಂಡಿದ್ದ ಜಾಗಕ್ಕೆ ಬಂದ ಮೇಲೂ ಓನರಮ್ಮನಿಗೆ ಟೀ ಲೋಟ ಹಿಡಿಯಲು ಆಗಲಿಲ್ಲ. ನಾನೇ ಹಿಡಿದು ಕುಡಿಸಿದೆ. "ಹೆದರಿಕೆ ಹೋಯ್ತಾ?" ಎಂದು ಕೇಳಿದೆ, ದಡ್ಡಿಯ ಹಾಗೆ.

"ಎಲ್ಲೋಯ್ತದೆ? ಮಂಡಿ ಇನ್ನೂ ನಡುಗ್ತಾ ಐತೆ ನೋಡಿ." ಸೀರೆಯ ಮೇಲಿಂದಲೇ ಅದು ಕಾಣುತ್ತಿತ್ತು. "ಕೂತ್ಕಂಡುಬುಡಾನ ಅನ್ನುಸ್ತು. ಆದ್ರೆ ನಮ್ಮಪ್ಪ ಕಡೇಗೆ ಕಂಡಿದ್ದು ಅದನ್ನೇ ಅಲ್ವಾ ಟೀಚರಮ್ಮ. ಒಬ್ನೇ ಕಂಡ. ನಾನೂ ಒಂದ್ಸಲ ಕಾಣ್ಬೇಕಿತ್ತು." ಅಷ್ಟು ಹೇಳಿ ಅತ್ತರು. ನಾನೂ ಅತ್ತೆ. ಬದುಕಿ ಉಳಿದೆವಲ್ಲ ಎಂಬ ಅಳು ನನ್ನದು.

ಊರಿಗೆ ಬಂದ ಮೇಲೆ ಅಮ್ಮನ ಗುಡಿಗೆ ಹೋಗಿ ಉಲ್ಟಾ ಕೇಳಿದ್ದಕ್ಕೆ ತಪ್ಪುಕಾಣಿಕೆ ಹಾಕಿದರು. ಧೈರ್ಯವಂತೆಯಾಗಿಬಿಟ್ಟರು ಎಂದು ಬರೆದರೆ ಸುಳ್ಳಾಗುತ್ತದೆ. ರಾತ್ರಿ ದೀಪ ಆರಿಸುತ್ತಿರಲಿಲ್ಲ, ಕತ್ತು ನೇರವಾಗಲಿಲ್ಲ. ಬೇರೆಯಾದದ್ದು ಒಂದೇ: ನಾನು ಯಾವುದಕ್ಕಾದರೂ ಹೆದರಿ ಬಾಗಿಲಲ್ಲೇ ನಿಂತರೆ "ಹೆದರ್ಕಂಡೇ ಹೋಗಿ ಟೀಚರಮ್ಮ, ಹೆದರ್ಕೆನೂ ಜೊತೇಲಿ ಬರ್ಲಿ" ಅನ್ನತೊಡಗಿದರು. ಹಾಗೆ ಹೆದರಿಕೊಂಡೇ ನಾನು ಸ್ಕೂಟರ್ ಕಲಿತೆ, ಹೆದರಿಕೊಂಡೇ ಶಾಲೆಯ ಲಿಫ್ಟು ಹತ್ತಿದೆ.

ಮುಂದಿನ ವರ್ಷ ಅವರ ಹೃದಯ ಕೈಕೊಟ್ಟಿತು. ಆಪರೇಷನ್ ಮಾಡಲೇಬೇಕು, ವಯಸ್ಸಾಗಿದೆ, ಏನೂ ಹೇಳಲು ಆಗುವುದಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ಮಗ, ಸೊಸೆ, ತಮ್ಮ, ಚೀಟಿಯ ಹೆಂಗಸರು ಎಲ್ಲರೂ ಇದ್ದರು. ಸ್ಟ್ರೆಚರನ್ನು ತಳ್ಳಿಕೊಂಡು ಹೊರಟಾಗ ಅವರು ನನ್ನನ್ನು ಹತ್ತಿರ ಕರೆದರು. ಬೇಸರಿ ಬಿಚ್ಚಿದ್ದ ಮೂಗು ಬರಿದಾಗಿತ್ತು. ಅಷ್ಟು ವರ್ಷ ಬಹುವಚನ ಬಿಡದಿದ್ದವರು ಅವತ್ತು ನನ್ನನ್ನು ನೀನು ಅಂದರು.

"ಭಯ ಆಯ್ತಾ ಐತೆ ಕಣವ್ವ. ನಂಗೆ ಕಾಣಂಗೆ ಅಲ್ಲಿ ನಿಂತ್ಕ. ಅವತ್ತಿನಂಗೆ ಕುಂತುಬುಡಬ್ಯಾಡ."

ಬಾಗಿಲ ಎದುರಿಗೆ ನಿಂತೆ. ಕೂರದ ಹಾಗೆ ಗೋಡೆ ಹಿಡಿದುಕೊಂಡೆ. ಸ್ಟ್ರೆಚರು ಒಳಗೆ ಹೋಗುತ್ತಿದ್ದಂತೆ ಅವರು ಕತ್ತು ಹೊರಳಿಸಿ ನನ್ನನ್ನು ನೋಡಿದರು, ನಾನೂ ನೋಡಿದೆ. ಬಾಗಿಲು ಮುಚ್ಚಿತು. ಅವರು ಎಚ್ಚರಗೊಳ್ಳಲಿಲ್ಲ. ಮಾರನೆಯ ದಿನ ತಲಘಟ್ಟಪುರದಲ್ಲಿ, ಅಪ್ಪನ ಪಕ್ಕದಲ್ಲೇ, ಮಣ್ಣು ಮಾಡಿದರು. ಅವರು ಕಡೆಗೆ ಕಂಡದ್ದು ನನ್ನ ಮುಖವೇ ಇರಬೇಕು. ಹೆದರಿದ ಮುಖವೇ, ಆದರೆ ನಾನು ಕಣ್ಣು ಮುಚ್ಚಿರಲಿಲ್ಲ.